ಅಂಚು ಬಿಸಿ, ನಡು ತಣ್ಣಗೆ

ಕೋಕಂದ್, 9 ಅಕ್ಟೋಬರ್ 1983

ಮಗಳು ಮಸ್ತುರಾಳಿಗೆ ಮಾವ ಖೋಲ್ಮತ್ ಮಾಡುವ ಆಶೀರ್ವಾದಗಳು.

ನಾವೆಲ್ಲ ಆರೋಗ್ಯವಾಗಿದ್ದೇವೆ. ನಿನ್ನ ಮಗಳು ಮೋಹಿರಾ ಒಂದನೇ ತರಗತಿಗೆ ಹೋಗಿ ಬರುತ್ತಿದ್ದಾಳೆ. ಮೊದಲ ವಾರ ಜಡೆಗೆ ಬಿಳಿ ರಿಬ್ಬನ್ ಕಟ್ಟುವುದರಲ್ಲೇ ಬೆಳಗೆಲ್ಲ ಹೋಗುತ್ತಿತ್ತು. ಈಗ ನಿನ್ನ ಅತ್ತೆಯ ಕೈ ಪಳಗಿದೆ. ಅಮ್ಮ ಯಾವಾಗ ಬರುತ್ತಾಳೆಂದು ಕೇಳಿದಳು. ಎರಡು ಚಳಿಗಾಲ ಕಳೆದ ಮೇಲೆ ಎಂದೆ. "ಎರಡನ್ನೂ ಒಂದೇ ವರ್ಷದಲ್ಲಿ ಮುಗಿಸೋಕಾಗಲ್ವಾ ತಾತ?" ಅಂದಳು.

ಕಾರ್ಖಾನೆಯಲ್ಲಿ ಬೇಸಿಗೆಯ ಕೊನೆಗೆ ತಗಡು ಒತ್ತುವ ಹೊಸ ಪ್ರೆಸ್ ನಿಲ್ಲಿಸಿದ್ದಾರೆ. ಮೇಲಿನಿಂದ ಇಳಿಯುವ ಪಂಚನ್ನೂ ಕೆಳಗಿನ ಅಚ್ಚಾದ ಡೈಯನ್ನೂ ನಾನೇ ಕೂಡಿಸಿ, ಸರಿಯಿದೆ ಎಂದು ಸಹಿ ಹಾಕಿದೆ. ಹಾಲಿನ ಕ್ಯಾನ್‌ಗೆ ಬರುತ್ತಿದ್ದ ಮೆತ್ತನೆ ಅಲ್ಯೂಮಿನಿಯಂ ತಗಡು ನಿಂತಿದೆ. ಈಗ ಮೆಗ್ನೀಸಿಯಂ ಬೆರೆಸಿದ್ದು, ತೆಳ್ಳಗೆ, ಗಟ್ಟಿ. ಎಲ್ಲ ಚೆನ್ನಾಗಿ ನಡೆದಿದೆ.

ಒಂದು ವಿಷಯ ಕೇಳಬೇಕಿತ್ತು. ನನಗಲ್ಲ. ಅಂದಿಜಾನಿನಲ್ಲಿ ನನ್ನ ಗೆಳೆಯನೊಬ್ಬನಿದ್ದಾನೆ, ಅವನದೂ ಇದೇ ಕೆಲಸ. ಪಂಚ್ ತಗಡನ್ನು ಡೈ ಒಳಕ್ಕೆ ತಳ್ಳುವಾಗ ಕ್ಯಾನಿನ ತಳದ ತಿರುವಿನಿಂದ ಎರಡು ಬೆರಳು ಮೇಲೆ ಸುತ್ತಲೂ ಹರಿಯುತ್ತದಂತೆ. ವೇಗ ಅರ್ಧಕ್ಕಿಳಿಸಿ ನೋಡಿದ, ಕಾಲು ಭಾಗಕ್ಕಿಳಿಸಿ ನೋಡಿದ, ಏನೂ ಬದಲಾಗಲಿಲ್ಲ. ನೀನು ಅಲ್ಲಿ ಅದೇ ಜಾತಿಯ ತಗಡು ಎಳೆಯುತ್ತೀಯಲ್ಲ. ಬಿಡುವಾದಾಗ ಬರೆ. ಅವಸರವೇನಿಲ್ಲ.

ಖೋಲ್ಮತ್


ಕುಯಿಬಿಶೇವ್, 24 ಅಕ್ಟೋಬರ್ 1983

ಪೂಜ್ಯ ಮಾವನವರಿಗೆ ಮಸ್ತುರಾಳ ಸಲಾಂ.

ನಿಮ್ಮ ಕಾಗದ ನೋಡಿ ಎಷ್ಟು ಸಮಾಧಾನವಾಯಿತೆಂದರೆ, ಅಂಚೆಯವಳ ಮುಂದೆಯೇ ಒಡೆದು ಓದಿದೆ. ಎರಡು ತಿಂಗಳಿಂದ ನಿಮ್ಮ ಕೈಬರಹ ಕಂಡಿರಲಿಲ್ಲ. ನಾನು ಹೊರಟ ದಿನ ನೀವು ಬಾಗಿಲಲ್ಲಿ ನಿಂತು "ಹೋಗೋಳು ಹೋಗು, ಮಗು ಇಲ್ಲೇ ಇರುತ್ತೆ" ಅಂದಿರಲ್ಲ, ಅದು ರೈಲಿನಲ್ಲಿ ಮೂರು ದಿನವೂ ಕಿವಿಯಲ್ಲಿತ್ತು. ಇನ್ನೂ ಸಿಟ್ಟಿದೆಯೇ ಎಂದು ಕೇಳಲು ಧೈರ್ಯವಿಲ್ಲ. ಕೇಳಿದ್ದೇನೆ ಅಂದುಕೊಳ್ಳಿ.

ಓದಿನ ಭಾಗವಾಗಿ ಇಲ್ಲಿಯ ಪ್ರಯೋಗಶಾಲೆಯಲ್ಲಿ ನಾನು ಮಾಡುವ ಕೆಲಸ ಹೊರಗಿನವರಿಗೆ ಹುಚ್ಚಿನಂತೆ ಕಾಣುತ್ತದೆ. ತಗಡಿನ ಪಟ್ಟಿಗಳನ್ನು ಯಂತ್ರಕ್ಕೆ ಕಚ್ಚಿಸಿ, ಹರಿಯುವ ತನಕ ಎಳೆಯುವುದು. ಒಮ್ಮೆ ಬೇಗ, ಒಮ್ಮೆ ನಿಧಾನ. ಒಮ್ಮೆ ತಣ್ಣಗೆ, ಒಮ್ಮೆ ಒಲೆಯೊಳಗಿಟ್ಟು. ಈವರೆಗೆ ನಾನ್ನೂರು ಪಟ್ಟಿ ಹರಿದಿದ್ದೇನೆ. ಒಸ್ತಪೆಂಕೊ ಅವರೇ ನನಗೆ ಎಲ್ಲ ಕಲಿಸುತ್ತಿರುವುದು. ಬಹಳ ಒಳ್ಳೆಯವರು. ಮೊನ್ನೆ ಹಿಮ ಬಿದ್ದಾಗ ನನ್ನ ಬೂಟು ನೋಡಿ, ಇದರಲ್ಲಿ ಹೇಗೆ ನಡೆಯುತ್ತೀಯ ಎಂದು ತೋಳು ಹಿಡಿದು ಹಾಸ್ಟೆಲ್ ಬಾಗಿಲ ತನಕ ಬಂದು ಬಿಟ್ಟುಹೋದರು. ಭಾನುವಾರಗಳಲ್ಲಿ ಅವರ ಮನೆಯಲ್ಲೇ ಊಟ.

ನಿಮ್ಮ ಗೆಳೆಯರಿಗೆ ಹೇಳಿ. ಅವರು ಕಂಡದ್ದು ಸರಿ. ಈ ತಗಡು ತಣ್ಣಗಿರುವಾಗ ಅದಕ್ಕೆ ವೇಗದ ಪರಿವೆಯೇ ಇಲ್ಲ. ಒಂದು ನಿಮಿಷದಲ್ಲಿ ಎಳೆದರೂ ಒಂದು ಗಂಟೆಯಲ್ಲಿ ಎಳೆದರೂ ಹೆಚ್ಚುಕಡಿಮೆ ಅಷ್ಟೇ ಹಿಗ್ಗಿ ಹರಿಯುತ್ತದೆ. ಇನ್ನೂರೈವತ್ತು ಡಿಗ್ರಿಗೆ ಕಾಯಿಸಿದರೆ ಅದು ಬೇರೆಯೇ ಲೋಹ. ಆಗ ಅದಕ್ಕೆ ಅವಸರ ಆಗುವುದಿಲ್ಲ. ಬೇಗ ಎಳೆದರೆ ಸ್ವಲ್ಪ ಹಿಗ್ಗಿ ಬಿಟ್ಟುಬಿಡುತ್ತದೆ, ನಿಧಾನ ಎಳೆದರೆ ಅದರ ಎರಡರಷ್ಟಕ್ಕೂ ಹೆಚ್ಚು ಹಿಗ್ಗುತ್ತದೆ. ಆದ್ದರಿಂದ ತಗಡನ್ನು ಕಾಯಿಸಿ, ಪ್ರೆಸ್ಸನ್ನು ನಿಧಾನ ಮಾಡಲಿ. ಎರಡೂ ಒಟ್ಟಿಗೆ. ಒಂದೇ ಮಾಡಿದರೆ ಪ್ರಯೋಜನ ಇಲ್ಲ.

ಮೋಹಿರಾ ಕೈಯಲ್ಲಿ ಒಂದು ಸಾಲು ಬರೆಸಿ ಕಳಿಸಿ, ಮಾವ. ಅಕ್ಷರ ಸೊಟ್ಟಗಿದ್ದರೂ ಸರಿ.

ನಿಮ್ಮ ಮಸ್ತುರಾ


ಕೋಕಂದ್, 20 ನವೆಂಬರ್ 1983

ಮಸ್ತುರಾಳಿಗೆ ಆಶೀರ್ವಾದ.

ನಿನ್ನ ಉತ್ತರ ಗೆಳೆಯನಿಗೆ ತಲುಪಿಸಿದೆ. ಮಾಡಿ ನೋಡಿದನಂತೆ. ನಿನಗೆ ಧನ್ಯವಾದ ಹೇಳಿದ್ದಾನೆ.

ಇಲ್ಲಿ ಎಲ್ಲ ಸರಿಯಾಗಿದೆ. ಕಲ್ಲಂಗಡಿ ಮುಗಿಯಿತು. ನಿನ್ನ ಅತ್ತೆಗೆ ಮಂಡಿ ನೋವು.

ಆ ಒಸ್ತಪೆಂಕೊ ಅವರಿಗೆ ಮದುವೆಯಾಗಿದೆಯೇ?

ಖೋಲ್ಮತ್


ಕುಯಿಬಿಶೇವ್, 2 ಡಿಸೆಂಬರ್ 1983

ಪೂಜ್ಯ ಮಾವನವರಿಗೆ ಸಲಾಂ.

ಇಲ್ಲ, ಅವರು ಮದುವೆಯಾಗಿಲ್ಲ. ಯಾಕೆ ಕೇಳಿದಿರೋ ತಿಳಿಯಲಿಲ್ಲ. ಮೋಹಿರಾಳ ಫೋಟೊ ತೋರಿಸಿದೆ, ಅವಳನ್ನು ನೋಡಬೇಕೆಂದು ಅವರಿಗೆ ಬಹಳ ಆಸೆಯಾಗಿದೆ. ಅವಳಿಗೊಂದು ಉಣ್ಣೆ ಟೊಪ್ಪಿಗೆಯನ್ನೂ ತೆಗೆದಿಟ್ಟಿದ್ದಾರೆ.

ಮೋಹಿರಾ ಬರೆದ ಸಾಲು ಬರಲಿಲ್ಲ. ಬರೆಯಲು ಅವಳಿಗೆ ಮನಸ್ಸಿಲ್ಲವೋ, ಬರೆಸಲು ಯಾರಿಗಾದರೂ ಮನಸ್ಸಿಲ್ಲವೋ ಎಂದು ಯೋಚಿಸಿದೆ. ತಪ್ಪಾಗಿದ್ದರೆ ಕ್ಷಮಿಸಿ. ಎರ್ಗಾಶ್ ಇದ್ದಿದ್ದರೆ ಇಂಥ ಮಾತು ಬರೆಯುವ ಹೊತ್ತು ಬರುತ್ತಿರಲಿಲ್ಲ. ನಿಮ್ಮ ಮಗನ ಲಾರಿ ಆ ಕಣಿವೆಗೆ ಉರುಳಿ ಮೂರು ವರ್ಷವಾಯಿತು. ಈ ಮೂರು ವರ್ಷದಲ್ಲಿ ನೀವು ನನ್ನೊಂದಿಗೆ ಇಷ್ಟು ಕಡಿಮೆ ಮಾತಾಡಿದ್ದಿಲ್ಲ.

ನಿಮ್ಮ ಗೆಳೆಯರ ಕ್ಯಾನು ಸರಿಬಂದವೇ? ನೀವು ಬರೆಯಲಿಲ್ಲ.

ಮಸ್ತುರಾ


ಕುಯಿಬಿಶೇವ್, 29 ಡಿಸೆಂಬರ್ 1983

ಮಾವ,

ಪಾರ್ಸೆಲ್ ಬಂತು. ಒಣ ಏಪ್ರಿಕಾಟ್ ಚೀಲದ ತಳದಲ್ಲಿ ಅತ್ತೆಯ ಚೀಟಿಯಿತ್ತು. ಅವರ ಮೇಲೆ ಸಿಟ್ಟಾಗಬೇಡಿ. ಅವರು ಬರೆದದ್ದನ್ನು ಹಾಗೇ ಇಳಿಸುತ್ತೇನೆ: "ಇವ್ರು ಊಟ ಬಿಟ್ಟಿದಾರೆ. ಕ್ಯಾನೆಲ್ಲ ಹರೀತಿವೆಯಂತೆ. ನೀನು ಹೇಳಿದ ಹಾಗೆ ಕಾಯ್ಸಿದ ಮೇಲೆ ಇನ್ನೂ ಜಾಸ್ತಿ ಹರಿದ್ವಂತೆ. ನಿಂಗೆ ಹೇಳಿದ್ರೆ ಅಲ್ಲಿ ನಿನ್ನ ಹೆಸರು ಕೆಡುತ್ತೆ ಅಂತ ಸುಮ್ನಿದಾರೆ. ನಾನು ಬರೆದೆ ಅಂತ ಹೇಳ್ಬೇಡ."

ಅಂದಿಜಾನಿನ ಗೆಳೆಯರಿಗೆ ನನ್ನ ಸಲಾಂ ಹೇಳಿ. ಅವರು ನಮ್ಮ ಮನೆಯಲ್ಲೇ ಇದ್ದಾರೆಂದು ಈಗ ಗೊತ್ತಾಯಿತು.

ನಾನು ಹೇಳಿದ್ದರಿಂದ ಇನ್ನಷ್ಟು ಹಾಳಾಗಿದೆ ಎಂದರೆ ತಪ್ಪು ನನ್ನದು. ಅದನ್ನು ಮುಚ್ಚಿಡುವ ಹಕ್ಕು ನಿಮಗಿಲ್ಲ, ಮಾವ. ಪಟ್ಟಿಯೊಂದೇ ಎಳೆದವಳು ನಾನು, ಕ್ಯಾನು ಒತ್ತಿದವಳಲ್ಲ. ನನಗೆ ಗೊತ್ತಿಲ್ಲದ್ದು ನಿಮಗೆ ಗೊತ್ತಿದೆ. ಏನು ಮಾಡಿದಿರಿ, ಎಲ್ಲಿ ಹರಿಯಿತು, ಯಾವಾಗ ಹರಿಯಿತು, ಯಾವುದು ಹರಿಯಲಿಲ್ಲ, ಎಲ್ಲವನ್ನೂ ಬರೆಯಿರಿ. ಬೇಡವೆನಿಸಿದ್ದನ್ನೂ ಬರೆಯಿರಿ. ನಾನು ಕಾಯುತ್ತಿರುತ್ತೇನೆ.

ಮಸ್ತುರಾ


ಕೋಕಂದ್, 11 ಜನವರಿ 1984

ಮಗಳೇ,

ಕಾಗದ ಓದಿ ನಿನ್ನ ಅತ್ತೆಯನ್ನು ಕರೆದೆ. "ತುರ್ಸುನೊಯ್, ಏಪ್ರಿಕಾಟ್ ಜೊತೆ ಏನು ಕಳಿಸ್ದೆ?" ಎಂದೆ. "ನಿಮ್ಮ ನಾಲಿಗೆ ಕಳಿಸ್ದೆ, ಮನೇಲಿ ಸುಮ್ನೆ ಬಿದ್ದಿತ್ತು" ಅಂದಳು. ಸಿಟ್ಟಾಗುವುದಕ್ಕೆ ಜಾಗವೇ ಉಳಿಯಲಿಲ್ಲ.

ಬರೆಯುತ್ತೇನೆ ಕೇಳು. ಸೆಪ್ಟೆಂಬರಿನಿಂದ ಹತ್ತಕ್ಕೆ ಆರು ಕ್ಯಾನು ಹರಿಯುತ್ತಿದ್ದವು. ನಿನ್ನ ಮಾತು ಬಂದ ಮೇಲೆ ತಗಡನ್ನು ಒಲೆಗೆ ಹಾಕಿ ಕಾಯಿಸಿದೆವು. ತಗಡು ತಣಿಯದಿರಲೆಂದು ಡೈ ಸುತ್ತ ಗ್ಯಾಸಿನ ಉರಿಯನ್ನೂ ಕೊಟ್ಟೆ. ಪ್ರೆಸ್ ಬಸವನಹುಳುವಿನ ಹಾಗೆ ಇಳಿಸಿದೆ. ಬಿಸಿಯೆಷ್ಟೆಂದು ತಿಳಿಯಲು ನನ್ನ ಬಳಿ ಸಾಧನವಿಲ್ಲ. ಡೈ ಮೇಲೆ ಪತ್ರಿಕೆಯ ಚೂರಿಟ್ಟು ಇಪ್ಪತ್ತು ಎಣಿಸುತ್ತೇನೆ, ಕಾಗದ ಚಹಾದ ಬಣ್ಣಕ್ಕೆ ತಿರುಗಿದರೆ ಸಾಕು. ಕ್ರೀಡಾ ಪುಟ ಮಾತ್ರ ಉಪಯೋಗಿಸುತ್ತೇನೆ. ನಾಯಕರ ಫೋಟೊ ಇರುವ ಮೊದಲ ಪುಟ ಸುಡುವುದು ಆರೋಗ್ಯಕ್ಕೆ ಒಳ್ಳೆಯದಲ್ಲ. ತಗಡು ಜಾರಲೆಂದು ಸವರುತ್ತಿದ್ದ ಕುರಿಬಾಲದ ಕೊಬ್ಬು ಆ ಬಿಸಿಗೆ ಹೊಗೆಯಾಯಿತು. ಪ್ರೆಸ್ ನಡೆಯುವ ನಮ್ಮ ಶಾಪ್ ತುಂಬ ಮದುವೆ ಮನೆಯ ಹಾಗೆ ಪಲಾವ್ ವಾಸನೆ. ಹೆಂಗಸರು ಹನ್ನೊಂದಕ್ಕೇ ಹಸಿವೆಂದರು. ಆಮೇಲೆ ಗ್ರಾಫೈಟ್ ಪುಡಿ ಕಲಸಿದ ಎಣ್ಣೆ ಹಚ್ಚಿದೆ.

ಆದರೂ ಹತ್ತಕ್ಕೆ ಎಂಟು ಹರಿದವು. ಅದೇ ಜಾಗ, ತಳದಿಂದ ಎರಡು ಬೆರಳು ಮೇಲೆ. ಮೊದಲು ಟಪ್ಪೆಂದು ಸೀಳುತ್ತಿತ್ತು, ಈಗ ಹಿಟ್ಟಿನ ಹಾಗೆ ಎಳೆದುಕೊಂಡು ತೆಳ್ಳಗಾಗಿ ಬಿಟ್ಟುಕೊಳ್ಳುತ್ತದೆ.

ಮುಖ್ಯ ಎಂಜಿನಿಯರ್ ಹಮ್ರೊಯೆವ್ ಬಂದು ಒಂದು ಕ್ಯಾನನ್ನು ಬೆಳಕಿಗೆ ಹಿಡಿದ. "ಉಸ್ತಾ, ಇದು ಹಾಲಿನ ಕ್ಯಾನೋ ಹಿಟ್ಟಿನ ಜರಡಿಯೋ?"

"ಹಾಲು ಹುಯ್ದು ನೋಡಿ, ತಿಳಿಯುತ್ತೆ" ಎಂದೆ.

"ನಿಮ್ಮ ಮಾತೊಂದು ಹರಿಯಲ್ಲ ನೋಡಿ. ಮಾರ್ಚ್ ಒಂದಕ್ಕೆ ತಾಷ್ಕೆಂಟಿಂದ ಸಮಿತಿ ಬರುತ್ತೆ. ಅಷ್ಟರಲ್ಲಿ ಹತ್ತಕ್ಕೆ ಒಂಬತ್ತು ಸರಿ ಬರ್ಬೇಕು. ಇಲ್ಲಾಂದ್ರೆ ಪ್ರೆಸ್ ಬಿಚ್ಚಿ ಬೇರೆ ಊರಿಗೆ ಕಳಿಸ್ತಾರೆ, ಶಾಪ್ ಮುಚ್ತಾರೆ. ಸಹಿ ಹಾಕಿದೋರು ನೀವು. ಆಮೇಲೆ ಮನೇಲಿ ಕೂತು ದ್ರಾಕ್ಷಿ ಚಪ್ಪರ ನೋಡ್ಕೊಳ್ಳಿ."

ಶಾಪಿನಲ್ಲಿ ಮೂವತ್ತೆರಡು ಜನರಿದ್ದೇವೆ. ನನ್ನದಿರಲಿ, ನನಗೆ ಐವತ್ತೊಂಬತ್ತು. ಉಳಿದವರಲ್ಲಿ ಹದಿನೆಂಟು ಹೆಂಗಸರು, ಅವರಿಗೆ ಈ ಊರಲ್ಲಿ ಇಂಥ ಕೆಲಸ ಇನ್ನೆಲ್ಲಿದೆ?

ಬೇಡವಾದದ್ದನ್ನೂ ಬರೆ ಅಂದೆಯಲ್ಲ. ಕಾಯಿಸಲು ಶುರು ಮಾಡಿದ ಮೇಲೆ, ಬೆಳಿಗ್ಗೆ ಮೊದಲು ಒತ್ತಿದ ನಾಲ್ಕೈದು ಕ್ಯಾನು ಮಾತ್ರ ಯಾವತ್ತೂ ಹರಿಯುವುದಿಲ್ಲ. ಆರನೆಯದರಿಂದ ಶುರು. ಊಟಕ್ಕೆ ಬಿಟ್ಟು ಬಂದ ಮೇಲೂ ಮೊದಲಿನ ಒಂದೆರಡು ಸರಿ. ನಾನು ಶುರು ಮಾಡುವಾಗ ಬಿಸ್ಮಿಲ್ಲಾ ಅನ್ನುತ್ತೇನಲ್ಲ, ಅದಕ್ಕೇ ಇರಬೇಕು ಎಂದುಕೊಂಡು ಆರನೆಯದಕ್ಕೂ ಅಂದು ನೋಡಿದೆ. ಅದೂ ಹರಿಯಿತು.

ಇನ್ನೊಂದು ವಿಷಯ. ಇದನ್ನು ಮೂರು ಸಲ ಬರೆದು ಮೂರು ಸಲ ಹರಿದೆ. ನಾನು ಬಾಗಿಲಲ್ಲಿ ಹೇಳಬೇಕೆಂದಿದ್ದದ್ದು "ನೀನು ನಿಶ್ಚಿಂತೆಯಿಂದ ಹೋಗು, ಮಗುವಿನ ಚಿಂತೆ ಬೇಡ" ಎಂದು. ಬಾಯಿಂದ ಬಂದದ್ದು ಬೇರೆ. ಮೋಹಿರಾಳ ಸಾಲು ಕಳಿಸದೆ ಇದ್ದದ್ದಕ್ಕೂ ಕಾರಣವಿದೆ. ಅವಳು ಬರೆದದ್ದು "ತಾತ ಊಟ ಮಾಡಲ್ಲ" ಎಂದು. ಅದನ್ನು ಹೇಗೆ ಕಳಿಸಲಿ? ಬೇರೆ ಬರೆ ಅಂದರೆ, ಸುಳ್ಳು ಬರೀಬಾರದು ಅಂತ ಟೀಚರ್ ಹೇಳಿದಾರೆ ಅಂದಳು.

ಮಗಳೇ, ನಿನಗಿನ್ನೂ ಇಪ್ಪತ್ತೊಂಬತ್ತು ವರ್ಷ. ಆ ಒಸ್ತಪೆಂಕೊ ಒಳ್ಳೆಯವರೆಂದು ನೀನೇ ಬರೆದಿದ್ದೀಯ. ಮದುವೆಯಾಗದವರು, ಹಿಮದಲ್ಲಿ ತೋಳು ಹಿಡಿದು ನಡೆಸಿದವರು, ಮಗುವಿಗೆ ಟೊಪ್ಪಿಗೆ ತೆಗೆದಿಟ್ಟವರು. ನಾನು ಕುರುಡನಲ್ಲ. ನಿನ್ನ ಅತ್ತೆ ಎರಡು ದಿನ ಅತ್ತಳು, ಮೂರನೆಯ ದಿನ ನಾವಿಬ್ಬರೂ ಕೂತು ಮಾತಾಡಿದೆವು. ನಿನಗೆ ಇಷ್ಟವಿದ್ದರೆ ಮದುವೆಯಾಗು. ಈ ಮನೆಯಿಂದಲೇ, ನಮ್ಮ ಮಗಳೆಂದೇ ಕಳಿಸಿಕೊಡುತ್ತೇವೆ. ಬೇಸಿಗೆಯಲ್ಲಿ ಒಂದು ತಿಂಗಳು ಮಗುವನ್ನು ನೋಡಲು ಬಿಡು. ಬೇರೇನೂ ಕೇಳುವುದಿಲ್ಲ.

ಖೋಲ್ಮತ್


ತಂತಿ
ಕುಯಿಬಿಶೇವ್, 20 ಜನವರಿ 1984

ತಗಡು ಕಾಯಿಸಬೇಡಿ ಅಂಚಿಗೆ ಮಾತ್ರ ಬಿಸಿ ಕೊಡಿ ಪಂಚಿನೊಳಗೆ ತಣ್ಣೀರು ಹಾಯಿಸಿ ನಿಧಾನ ಒತ್ತಿ ಒಸ್ತಪೆಂಕೊ ಹೆಂಗಸು ಕಾಗದ ಬರುತ್ತಿದೆ ಮಸ್ತುರಾ


ಕುಯಿಬಿಶೇವ್, 21 ಜನವರಿ 1984

ಮಾವ,

ಒಸ್ತಪೆಂಕೊ ಅವರ ಪೂರ್ತಿ ಹೆಸರು ಗಲೀನಾ ಮಾರ್ಕೊವ್ನಾ ಒಸ್ತಪೆಂಕೊ. ವಯಸ್ಸು ಅರವತ್ತನಾಲ್ಕು. ನಾನು ಗೌರವದಿಂದ "ಅವರು, ಅವರು" ಎಂದು ಬರೆದದ್ದೇ ತಪ್ಪಾಯಿತು. ನಿಮ್ಮ ಕಾಗದದ ಆ ಭಾಗವನ್ನು ಅವರಿಗೆ ಓದಿ ಹೇಳಿದೆ. ಕನ್ನಡಕ ತೆಗೆದು ಒರೆಸಿಕೊಂಡು, "ನಲವತ್ತು ವರ್ಷದಲ್ಲಿ ಯಾರೂ ನನ್ನ ಪರವಾಗಿ ಇಷ್ಟು ಒಳ್ಳೆ ಸಂಬಂಧ ಮಾತಾಡಿರಲಿಲ್ಲ" ಅಂದರು. ಆಮೇಲೆ ಇಬ್ಬರೂ ನಕ್ಕೆವು. ಆಮೇಲೆ ನಾನು ಸ್ವಲ್ಪ ಅತ್ತೆ. ದುಃಖಕ್ಕಲ್ಲ. "ನಮ್ಮ ಮಗಳೆಂದೇ" ಎಂಬ ಎರಡು ಪದಕ್ಕೆ.

ಈಗ ಕ್ಯಾನು. ನಿಮ್ಮ ಬೆಳಗಿನ ಐದು ಕ್ಯಾನು ಎಲ್ಲವನ್ನೂ ಹೇಳಿಬಿಟ್ಟವು. ಆ ಸಾಲು ಓದಿದೊಡನೆ ಗಲೀನಾ ಮಾರ್ಕೊವ್ನಾ ಮೇಜಿಗೆ ಅಂಗೈ ಬಡಿದು, "ಪಂಚ್ ತಣ್ಣಗಿತ್ತು, ಅಷ್ಟೇ" ಅಂದರು.

ನೋಡಿ ಮಾವ, ನಾನು ಯಂತ್ರದಲ್ಲಿ ಪಟ್ಟಿ ಎಳೆಯುವಾಗ ಪಟ್ಟಿಯೆಲ್ಲ ಒಂದೇ ಕೆಲಸ ಮಾಡುತ್ತದೆ. ಕ್ಯಾನಿನಲ್ಲಿ ಹಾಗಲ್ಲ. ಹೊರಗಿನ ಅಂಚು ಮುದುಡಿ ಒಳಕ್ಕೆ ಜಾರಿ ಬರಬೇಕು. ಅದನ್ನು ಎಳೆದು ತರುವುದು ತಳದ ಮೇಲಿನ ಗೋಡೆ. ಬರುವುದು ಮೆತ್ತಗಿರಬೇಕು, ಎಳೆಯುವುದು ಗಟ್ಟಿಯಿರಬೇಕು. ನಾನು ಹೇಳಿದ ಹಾಗೆ ಪೂರಾ ಕಾಯಿಸಿದಾಗ ಎಳೆಯುವ ಗೋಡೆಯೂ ಮೆತ್ತಗಾಗಿ ತಾನೇ ಹರಿಯಿತು. ಬೆಳಿಗ್ಗೆ ಪಂಚ್ ತಣ್ಣಗಿರುತ್ತದೆ, ತನಗೆ ತಾಗಿದ ಗೋಡೆಯನ್ನು ತಣಿಸಿ ಗಟ್ಟಿ ಮಾಡುತ್ತದೆ. ಐದು ಕ್ಯಾನಿನ ಹೊತ್ತಿಗೆ ಅದೂ ಕಾದುಬಿಡುತ್ತದೆ. ಊಟದ ಬಿಡುವಿನಲ್ಲಿ ಅಷ್ಟಿಷ್ಟು ತಣಿಯುತ್ತದೆ.

ಪಂಚನ್ನು ಕೊರೆದು ಒಳಗೆ ನೀರಿನ ಕೊಳವೆ ಹಾಕಿ, ಒಂದು ಕಡೆಯಿಂದ ನೀರು ಬಂದು ಇನ್ನೊಂದು ಕಡೆಯಿಂದ ಹೋಗಲಿ. ತಗಡನ್ನು ಒಲೆಗೆ ಹಾಕಬೇಡಿ. ಬಿಸಿ ಡೈಗೂ ತಗಡನ್ನು ಮೇಲಿನಿಂದ ಅದುಮುವ ಒತ್ತುಬಳೆಗೂ ನಡುವೆ ಅಂಚನ್ನು ಒಂದು ನಿಮಿಷ ಹಿಡಿದು, ಅದು ಕಾದ ಮೇಲೆ ಒತ್ತಿ. ನಿಧಾನ ಮಾತ್ರ ಬಿಡಬೇಡಿ. ಬಿಸಿಯಳೆಯುವ ಒಂದು ಸಾಧನವನ್ನು ತಾಷ್ಕೆಂಟ್ ರೈಲಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದೇನೆ.

ನಾನೂ ಒಂದು ವಿಷಯ ಮುಚ್ಚಿಟ್ಟಿದ್ದೆ. ಓದು ಮುಗಿಯುವ ತನಕ ಕಾಯದೆ ಬೇಸಿಗೆಯಿಂದಲೇ ಪ್ರಯೋಗಶಾಲೆಯಲ್ಲಿ ಕೆಲಸಕ್ಕೆ ಸೇರು, ಒಂದು ಕೋಣೆಯ ಮನೆಯೂ ಸಿಗುತ್ತದೆ, ಮೂರು ವರ್ಷ ಇರಬೇಕು ಎಂದು ಇಲ್ಲಿಯವರು ನವೆಂಬರಿನಲ್ಲೇ ಹೇಳಿದರು. ಮೋಹಿರಾಳನ್ನು ಕರೆಸಿಕೊಳ್ಳಬಹುದು. ನಿಮಗೆ ಬರೆಯಲು ಹೆದರಿದೆ. ಮಗುವನ್ನು ಕೇಳಿದರೆ ನಿಮ್ಮಿಂದ ಕಿತ್ತುಕೊಂಡ ಹಾಗೆ, ಕೇಳದಿದ್ದರೆ ನಾನಿಲ್ಲಿ ಬದುಕಲಾರೆ. ನೀವು ಬೇಡವೆಂದರೆ ಓದು ಮುಗಿಸಿ ವಾಪಸು ಬರುತ್ತೇನೆ. ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳುವುದಿಲ್ಲ. ಆದರೆ ಈ ಸಲ ಬಾಯಲ್ಲಿರುವುದನ್ನೇ ಬರೆಯಿರಿ.

ನಿಮ್ಮ ಮಗಳು ಮಸ್ತುರಾ


ಕೋಕಂದ್, 4 ಮಾರ್ಚ್ 1984

ಮಗಳು ಮಸ್ತುರಾಳಿಗೆ ಆಶೀರ್ವಾದಗಳು. ಗಲೀನಾ ಮಾರ್ಕೊವ್ನಾ ಅವರಿಗೆ ನನ್ನ ಕ್ಷಮಾಪಣೆ ಮತ್ತು ಸಲಾಂ.

ಮೊದಲು ಸುದ್ದಿ. ಕ್ಯಾನು ಬಂದವು.

ಪಂಚ್ ಕೊರೆಯುವುದಕ್ಕೆ ಒಂಬತ್ತು ದಿನ ಹಿಡಿಯಿತು. ಹಮ್ರೊಯೆವ್ ನೋಡಿ, "ಅಂಚಿಗೆ ಬೆಂಕಿ ಇಡ್ತೀರಿ, ನಡುವೆ ನೀರು ಬಿಡ್ತೀರಿ. ಒಂದು ಮನಸ್ಸು ಮಾಡಿ ಉಸ್ತಾ" ಅಂದ. "ಎರಡೂ ಬೇಕಂತೆ, ನನ್ನ ಸೊಸೆ ಹೇಳಿದಾಳೆ" ಎಂದೆ. ನಿನ್ನ ಸಾಧನವನ್ನು ಡೈಗೆ ತಾಗಿಸಿ ನೋಡಿದೆ. ನನ್ನ ಪತ್ರಿಕೆ ಚಹಾದ ಬಣ್ಣವಾದಾಗ ಅದು ಇನ್ನೂರ ನಲವತ್ತು ತೋರಿಸಿತು. ಕಾಗದಕ್ಕೆ ಕೊಟ್ಟ ಮರ್ಯಾದೆ ವ್ಯರ್ಥವಾಗಲಿಲ್ಲ.

ಮೊದಲ ದಿನ ಆರನೆಯ ಕ್ಯಾನು ಒತ್ತುವಾಗ ಶಾಪೆಲ್ಲ ಪ್ರೆಸ್ ಸುತ್ತ ಸೇರಿತು. ಹೆಂಗಸರು ತಮ್ಮ ಯಂತ್ರ ನಿಲ್ಲಿಸಿ ಬಂದು ನಿಂತರು. ಪಂಚ್ ಇಳಿಯಿತು, ಏರಿತು. ಕ್ಯಾನನ್ನು ಎತ್ತಿ ಸುತ್ತ ಬೆರಳಾಡಿಸಿದೆ. ನನ್ನ ಕಣ್ಣನ್ನು ನಾನು ನಂಬುವುದು ಬಿಟ್ಟು ಬಹಳ ದಿನವಾಯಿತು, ಬೆರಳನ್ನು ನಂಬುತ್ತೇನೆ. ಎಲ್ಲೂ ಬಿರುಕಿಲ್ಲ. ಏಳನೆಯದು, ಎಂಟನೆಯದು. ಹನ್ನೆರಡನೆಯ ಕ್ಯಾನಿನ ಹೊತ್ತಿಗೆ ಯಾರೋ ಹಿಂದಿನಿಂದ ಚಪ್ಪಾಳೆ ತಟ್ಟಿದರು. ಅದೇ ಕ್ಯಾನನ್ನು ಬೋರಲು ಹಾಕಿ ಅದರ ಮೇಲೆ ಕೂತೆ. ಅದು ಬಗ್ಗಲಿಲ್ಲ.

ಮಾರ್ಚ್ ಒಂದಕ್ಕೆ ಸಮಿತಿಯವರು ಬಂದರು. ಅವರೆದುರಿಗೆ ಇಪ್ಪತ್ತು ಒತ್ತಿದೆವು. ಹತ್ತೊಂಬತ್ತು ಸರಿ. ಒಂದರ ಬಾಯಿ ಸುಕ್ಕುಗಟ್ಟಿತ್ತು, ಹರಿದಿರಲಿಲ್ಲ. ಸಮಿತಿಯ ಹಿರಿಯರು ಎಲ್ಲದಕ್ಕೂ ನೀರು ತುಂಬಿಸಿ ಅರ್ಧ ಗಂಟೆ ಕಾದು, ನೆಲ ಒಣಗಿದೆಯೇ ಎಂದು ತಾವೇ ಬಗ್ಗಿ ಮುಟ್ಟಿ ನೋಡಿದರು. ಒಣಗಿತ್ತು. ಅವರು ಹೋದ ಮೇಲೆ ಹಮ್ರೊಯೆವ್ ಟೊಪ್ಪಿಗೆ ಕೈಯಲ್ಲಿ ಹಿಡಿದು ನಿಂತಿದ್ದ. "ಉಸ್ತಾ, ನಾಲ್ಕು ತಿಂಗಳಿಂದ ನಾನೂ ನಿದ್ದೆ ಮಾಡಿಲ್ಲ. ಬನ್ನಿ, ಚಹಾ ಕುಡಿಯೋಣ" ಅಂದ. ಇಬ್ಬರೂ ಹೋದೆವು. ಅವನೂ ನನ್ನ ಹಾಗೇ ಹೆದರಿದ್ದನೆಂದು ನನಗೆ ಹೊಳೆದಿರಲೇ ಇಲ್ಲ. ಶಾಪ್ ಮುಚ್ಚುವುದಿಲ್ಲ. ನನ್ನನ್ನು ಇನ್ನೂ ಮೂರು ವರ್ಷ ಇರಿ ಎಂದಿದ್ದಾರೆ.

ಈಗ ನಿನ್ನ ಮಾತು. ಜನವರಿಯ ಕಾಗದಕ್ಕೆ ಇಷ್ಟು ದಿನ ಉತ್ತರಿಸದಿದ್ದದ್ದು ಸಿಟ್ಟಿನಿಂದಲ್ಲ. ಕ್ಯಾನಿನ ಗತಿ ತಿಳಿಯದೆ ಬರೆದರೆ ಹೆದರಿಕೆಯಲ್ಲಿ ಮತ್ತೇನಾದರೂ ಬಾಯಿಗೆ ಬಂದೀತೆಂದು ತಡೆದೆ. ಆ ಕಾಗದವನ್ನು ನಿನ್ನ ಅತ್ತೆಗೆ ಓದಿ ಹೇಳಿದ್ದೆ. ಅಳುತ್ತಾಳೆಂದುಕೊಂಡಿದ್ದೆ. ಬಟ್ಟೆ ಮಡಚುತ್ತಾ ಕೇಳಿದಳು. ಮುಗಿದ ಮೇಲೆ, "ನಾನೂ ಹೋಗ್ತೀನಿ" ಅಂದಳು.

"ಎಲ್ಲಿಗೆ?"

"ಮೊಮ್ಮಗಳ ಜೊತೆ. ಇವಳು ಬೆಳಗಿಂದ ಸಂಜೆ ತನಕ ತಗಡು ಎಳೀತಿದ್ರೆ ಮಗು ಸ್ಕೂಲಿಂದ ಬಂದಾಗ ಬಾಗಿಲು ತೆಗೆಯೋರ್ಯಾರು?"

"ಮತ್ತೆ ನಂಗೆ ಅಡುಗೆ?"

"ತಗಡಿಗೆ ಇನ್ನೂರೈವತ್ತು ಡಿಗ್ರಿ ಕಾಯ್ಸೋಕೆ ಬರುತ್ತೆ, ಒಂದು ಶೂರ್ವಾ ಸಾರು ಕಾಯ್ಸೋಕೆ ಬರಲ್ವಾ?"

ಇಷ್ಟೇ ನಮ್ಮ ಮನೆಯ ಸಮಿತಿ. ಚಳಿಗಾಲವೆಲ್ಲ ಅವಳು ನಿನ್ನ ಹತ್ತಿರ, ಮುಂದಿನ ವರ್ಷದಿಂದ ಬೇಸಿಗೆ ರಜೆಗೆ ನೀವೆಲ್ಲರೂ ಇಲ್ಲಿ. ಕೆಲಸಕ್ಕೆ ಹೂಂ ಅನ್ನು. ಇದು ನನ್ನ ಬಾಯಲ್ಲಿರುವುದೇ, ಎರಡು ಸಲ ಓದಿ ನೋಡಿದ್ದೇನೆ.

ಮೇ ಮೂವತ್ತಕ್ಕೆ ಶಾಲೆ ಮುಗಿಸಿಕೊಂಡು ಹೊರಡುತ್ತೇವೆ. ನಾನೂ ಬಂದು ಒಂದು ವಾರ ಇದ್ದು ಬರುತ್ತೇನೆ. ನೀನು ಪಟ್ಟಿ ಎಳೆಯುವ ಯಂತ್ರ ನೋಡಬೇಕು. ಜೂನ್ ಎರಡರ ಬೆಳಿಗ್ಗೆ ಅಲ್ಲಿರುತ್ತೇವೆ, ಏಳನೆಯ ಬೋಗಿ. ಸ್ಟೇಷನ್ನಿಗೆ ಬಾ. ಮೋಹಿರಾ ಈಗಲೇ ನಮ್ಮಿಬ್ಬರಿಂದ ಮಾತು ತೆಗೆದುಕೊಂಡಿದ್ದಾಳೆ. ರೈಲು ನಿಲ್ಲುವ ಮೊದಲೇ ಕಿಟಕಿಯಿಂದ ನಿನ್ನನ್ನು ಹುಡುಕುವುದು ಅವಳ ಕೆಲಸವಂತೆ. ನಮಗೆ ಮೊದಲೇ ಕಂಡರೂ ನಾವು ಕೈ ತೋರಿಸಬಾರದಂತೆ.

ನಿನ್ನ ಮಾವ
ಖೋಲ್ಮತ್